ಜ್ವರದ ಹೆಸರು ಗೊತ್ತಾಗೋಕೆ ಮುಂಚೆನೇ ನಾನು ಮಾಡಿದ್ದು – ನನ್ನ ಅನುಭವ

ನಮ್ಮನೇಲಿ ಏಳು ತಿಂಗಳ ಮಗು ಇದೆ, ಎಪ್ಪತ್ತು ದಾಟಿದ ಮಾವ ಇದಾರೆ, ಅವರಿಗೆ ಶುಗರ್ ಬೇರೆ. ಹಂಗಾಗಿ ಯಾರಾದ್ರೂ ಸೀನಿದ್ರೂ ನಂಗೆ ಎದೆ ಧಸಕ್ ಅನ್ನುತ್ತೆ. ಹೋದ ಸಲ ಮೊದಲು ಮಲಗಿದ್ದು ನಮ್ಮ ಯಜಮಾನ್ರು. ಮಧ್ಯಾಹ್ನದ ತನಕ ಚೆನ್ನಾಗೇ ಓಡಾಡ್ಕೊಂಡಿದ್ರು, ಸಂಜೆಗೆ 102 ಜ್ವರ, ಚಳಿ, ಮೈಯೆಲ್ಲ ಒನಕೆಲಿ ಕುಟ್ಟಿದಂಗೆ ನೋವು. ಹಿಂಗೆ ಗಂಟೆ ಲೆಕ್ಕದಲ್ಲಿ ಏಕಾಏಕಿ ಬಂದ್ರೆ ಫ್ಲೂ ಅನ್ನೋ ಅನುಮಾನ ಜಾಸ್ತಿ, ಮಾಮೂಲಿ ನೆಗಡಿ ಹಂಗಲ್ಲ, ಗಂಟಲು ಕೆರೆತದಿಂದ ಶುರುವಾಗಿ ಮೂಗು ಸೋರಿ ನಿಧಾನಕ್ಕೆ ಏರುತ್ತೆ. ಆದ್ರೆ ಕೋವಿಡ್ಡೂ ಫ್ಲೂ ಥರನೇ ಬರಬಹುದು, ವಾಸನೆ ಹೋದ್ರೆ ಮಾತ್ರ ಕೋವಿಡ್ ಅಂತ ಕೂತ್ಕೋಬೇಡಿ, ಓಮಿಕ್ರಾನ್ ಬಂದ್ಮೇಲೆ ಆ ಲಕ್ಷಣ ಕಮ್ಮಿ ಆಗಿದೆ.

ಅದಕ್ಕೆ ಹೆಸರು ಆಮೇಲೆ ಹುಡುಕೋಣ ಅಂತ ಮೊದಲು ಒಂದು ನೋಟ್‌ಬುಕ್ಕಲ್ಲಿ ಜ್ವರ ಶುರುವಾದ ದಿನ, ಹೊತ್ತು ಬರೆದಿಟ್ಟೆ. ಫ್ಲೂ ಆಗಿದ್ರೆ ಒಸೆಲ್ಟಾಮಿವಿರ್ ಅನ್ನೋ ಫ್ಲೂ ವೈರಸ್ ಮಾತ್ರೆ 48 ಗಂಟೆ ಒಳಗೆ ಶುರು ಮಾಡಿದ್ರೇನೇ ಚೆನ್ನಾಗಿ ಕೆಲಸ ಮಾಡೋದು. ಆ ರಾತ್ರಿನೇ ಅವರಿಗೆ ಬೇರೆ ರೂಮು, ಕಿಟಕಿ ತೆಗೆದಿಟ್ಟು, ಊಟ ಕೊಡೋಕೆ ಹೋದಾಗ ಇಬ್ರಿಗೂ ಎನ್95 ಮಾಸ್ಕ್. ಕೋವಿಡ್ ಕಿಟ್ ನೆಗೆಟಿವ್ ಬಂತು, ನಾನು ನಂಬಲಿಲ್ಲ, ಶುರುವಿನಲ್ಲಿ ಎಷ್ಟೋ ಸಲ ಕಿಟ್ ಹಿಡಿಯಲ್ಲ, 48 ಗಂಟೆ ಬಿಟ್ಟು ಮತ್ತೆ ಮಾಡಿದೆ, ಅದೂ ನೆಗೆಟಿವ್. ಅಷ್ಟರಲ್ಲಿ ಕ್ಲಿನಿಕ್‌ನಲ್ಲಿ ತೆಗೆದ ಸ್ವಾಬ್‌ನಲ್ಲಿ ಇನ್‌ಫ್ಲುಯೆಂಜಾ ಎ, ಅಂದ್ರೆ ಫ್ಲೂನೇ, ಅಂತ ಬಂದು ಮಾತ್ರೆ ಶುರುವಾಗಿತ್ತು. ಮಾವನಿಗೆ ವರ್ಷಾ ವರ್ಷಾ ಫ್ಲೂ ಲಸಿಕೆ ಹಾಕಿಸ್ತೀವಿ, ಅವರಿಗೆ ಏನೂ ಆಗ್ಲಿಲ್ಲ.

ತಪ್ಪು ಮಾಡಿದ್ದು ಮಗು ವಿಷಯದಲ್ಲಿ. ಒಂಬತ್ತನೇ ದಿನ ಅದಕ್ಕೆ ಮೂಗು ಸೋರೋಕೆ ಶುರುವಾಯ್ತು, ಅಪ್ಪಂದೇ ಅಂಟಿರೋದು ಅಂದ್ಕೊಂಡು ಒಂದು ದಿನ ಸುಮ್ನಿದ್ದೆ. ಆಮೇಲೆ ನೋಟ್‌ಬುಕ್ ತೆಗೆದು ನೋಡಿದ್ರೆ ಲೆಕ್ಕ ಕೂಡ್ತಿಲ್ಲ. ಫ್ಲೂ ಅಂಟಿದ್ರೆ 1ರಿಂದ 4 ದಿನದಲ್ಲಿ ಕಾಣಿಸ್ಕೋಬೇಕು, ಅಪ್ಪ ಮಗೂನ ಮುಟ್ಟಿ ಒಂಬತ್ತು ದಿನ ಆಗಿದೆ. ಐದು ದಿನದ ಹಿಂದೆ ದೊಡ್ಡ ಮಗಳಿಗೆ ಜ್ವರ ಇಲ್ದೆ ಬರೀ ನೆಗಡಿ ಅಂತ ಬರೆದಿದ್ದೆ, ಅವಳು ಮಗೂಗೆ ಮುತ್ತು ಕೊಟ್ಕೊಂಡೇ ಇದ್ಲು, ನಾನು ತಡೆದಿರಲಿಲ್ಲ. ಆಗ ಅನುಮಾನ ಬಂದಿದ್ದು ಆರ್‌ಎಸ್‌ವಿ ಮೇಲೆ, ಅದು ಉಸಿರಾಟದ ನಾಳಗಳಿಗೆ ಸೋಂಕು ತರೋ ಇನ್ನೊಂದು ವೈರಸ್. ಅದು ಅಂಟಿದ್ಮೇಲೆ ಸಾಮಾನ್ಯವಾಗಿ 4ರಿಂದ 6 ದಿನಕ್ಕೆ ಕಾಣಿಸ್ಕೊಳ್ಳುತ್ತೆ, ಆರೋಗ್ಯವಾಗಿರೋ ದೊಡ್ಡ ಮಕ್ಕಳಿಗೆ, ದೊಡ್ಡವರಿಗೆ ಹೆಚ್ಚಾಗಿ ನೆಗಡಿ ಅಷ್ಟೇ (ವಯಸ್ಸಾದವರಿಗೆ ಜೋರಾಗಬಹುದು), ಸಣ್ಣ ಕೂಸಿಗೆ ಶ್ವಾಸಕೋಶದ ಒಳಗಿನ ಸಣ್ಣ ನಾಳಗಳಿಗೇ ಇಳಿದುಬಿಡಬಹುದು.

ಮೂರನೇ ದಿನ ಮಗು ಅರ್ಧ ಹಾಲು ಕುಡಿದು ಬಿಟ್ಬಿಡ್ತಿತ್ತು, ಎದೇಲಿ ಸುಯ್ ಸುಯ್ ಸದ್ದು. ನಿದ್ದೇಲಿರೋವಾಗ ಬಟ್ಟೆ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ, 58. ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಮಗುಗೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದು ವೇಗದ ಉಸಿರು, ಜೊತೆಗೆ ಪಕ್ಕೆ ಕೆಳಗೆ ಒಳಕ್ಕೆ ಎಳೀತಿತ್ತು. ಬೆಳಗಾಗ್ಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿದ್ವಿ. ಟೆಸ್ಟಲ್ಲಿ ಆರ್‌ಎಸ್‌ವಿನೇ, ಎರಡು ದಿನ ಆಕ್ಸಿಜನ್ ಕೊಟ್ರು, ಆಂಟಿಬಯಾಟಿಕ್ ಕೊಡಲಿಲ್ಲ, ವೈರಸ್‌ಗೆ ಅದು ನಾಟೋದೇ ಇಲ್ಲ.

ಈಗ ಮಗಳು ಹೊರಗಿಂದ ಬಂದ್ರೆ ಸೋಪಲ್ಲಿ 20 ಸೆಕೆಂಡ್ ಕೈ ತೊಳೆದ್ಮೇಲೇನೇ ತಮ್ಮನ ಹತ್ರ, ನೆಗಡಿ ಇದ್ರೆ ಮುತ್ತು ಇಲ್ಲ, ಮಾಸ್ಕ್ ಹಾಕ್ಕೊಂಡು ದೂರದಿಂದ ಮಾತಾಡಿಸ್ತಾಳೆ. ಆಟದ ಸಾಮಾನು ಅವತ್ತವತ್ತೇ ತೊಳೀತೀನಿ, ಗಟ್ಟಿ ಸಾಮಾನಿನ ಮೇಲೆ ಆರ್‌ಎಸ್‌ವಿ ಗಂಟೆಗಟ್ಟಲೆ ಬದುಕಿರುತ್ತೆ. ನೋಟ್‌ಬುಕ್ಕು ಅಡುಗೆಮನೆ ಬಾಗಿಲ ಹಿಂದೆ ದಾರ ಕಟ್ಟಿ ನೇತಾಕಿದೀನಿ, ಯಾರಿಗೆ ಏನೇ ಬಂದ್ರೂ ಅವರೇ ಹೋಗಿ ದಿನ, ಹೊತ್ತು ಬರೀಬೇಕು.