‘ಹೇಗೆ ಗೊತ್ತು?’: ಮುಂಬಯಿಯ ಕನ್ನಡ ಶಾಲೆಯಲ್ಲಿ ನಾನು ಸಮಾಜ ಪಾಠ ಕಲಿಸಿದ ಬಗೆ

ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಐದು ಮತ್ತು ಆರನೆಯ ಇಯತ್ತೆಯ ಮಕ್ಕಳಿಗೆ ಇತಿಹಾಸ, ಭೂಗೋಳ, ನಾಗರಿಕಶಾಸ್ತ್ರ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರು. ಕೆಲವರ ತಂದೆಯಂದಿರು ಉಡುಪಿ, ಕುಂದಾಪುರದಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ಪಠ್ಯಪುಸ್ತಕಗಳು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತವೆ. ಮೊದಲ ಕೆಲವು ವರ್ಷ ನಾನು ಪಾಠ ಓದಿಸಿ, ಪ್ರಶ್ನೋತ್ತರ ಬರೆಸಿ, ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಮಕ್ಕಳು ಅಂಕಗಳನ್ನೂ ಪಡೆಯುತ್ತಿದ್ದರು. ಒಂದು ದಿನ, ಸರಿಯುತ್ತರ ಹೇಳಿದ ಹುಡುಗನನ್ನು ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಪುಸ್ತಕದಾಗ ಅದ ಟೀಚರ್’ ಎಂದ. ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತೆಂಬ ಪ್ರಶ್ನೆ ಅವನ ಮನಸ್ಸಿಗೆ ಬಂದಿರಲಿಲ್ಲ. ಅದನ್ನು ಅವನಲ್ಲಿ ಹುಟ್ಟಿಸುವ ಕೆಲಸವನ್ನು ನಾನು ಮಾಡಿರಲಿಲ್ಲವೆಂಬುದು ಆಗ ನನಗೆ ಅರಿವಾಯಿತು.

ಮರುದಿನದಿಂದ ಸಮಾಜ ಪಾಠದ ವಹಿಯ ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿಸಿದೆ. ಎಡಗಡೆಗೆ ‘ಏನು ಗೊತ್ತಾಯಿತು’, ಬಲಗಡೆಗೆ ‘ಹೇಗೆ ಗೊತ್ತಾಯಿತು’. ಬಲಗಡೆಯ ಸಾಲು ಖಾಲಿ ಬಿಟ್ಟರೆ ಎಡಗಡೆಯದು ಲೆಕ್ಕಕ್ಕಿಲ್ಲ. ಆಮೇಲೆ ನಾನು ಮಾಡಿದ ಎಲ್ಲ ಪ್ರಯೋಗಗಳೂ ಈ ಒಂದು ಗೆರೆಯಿಂದ ಹೊರಟವು.

ಮೊದಲ ಪ್ರಯೋಗದಲ್ಲಿ ನಾನು ಒಂದು ತಪ್ಪು ಮಾಡಿದೆ. ಇತಿಹಾಸದ ಸಾಧನಗಳ ಪಾಠಕ್ಕೆಂದು ‘ನಿಮ್ಮ ಮನೆಯಲ್ಲಿರುವ ಅತಿ ಹಳೆಯ ವಸ್ತುವನ್ನು ತನ್ನಿ’ ಎಂದು ಹೇಳಿಬಿಟ್ಟೆ. ಚಾಳಿನಲ್ಲಿ ಮೂರು ತಲೆಮಾರಿನಿಂದ ಇರುವ ಮನೆಗಳ ಮಕ್ಕಳು ಹಿತ್ತಾಳೆಯ ತಂಬಿಗೆ, ಹಳೆಯ ಫೋಟೋ ತಂದರು. ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ವರ್ಷಕ್ಕೆರಡು ಸಲ ಮನೆ ಬದಲಿಸುವವರ ಮಕ್ಕಳು ಬರಿಗೈಯಲ್ಲಿ ಬಂದು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತರು. ಒಬ್ಬ ಹುಡುಗಿ ಎರಡು ದಿನ ಶಾಲೆಗೇ ಬರಲಿಲ್ಲ. ಬಡತನವನ್ನು ತರಗತಿಯ ನಡುವೆ ತಂದು ನಿಲ್ಲಿಸಿದಂತಾಯಿತಲ್ಲ ಎಂದು ನನಗೆ ಬಹಳ ನೋವಾಯಿತು. ಮರುವರ್ಷ ಪ್ರಶ್ನೆಯನ್ನು ಬದಲಿಸಿದೆ: ‘ನಿಮ್ಮ ಮನೆಯವರು ಊರಿನಿಂದ ಮುಂಬಯಿಗೆ ಮೊದಲ ಸಲ ಬಂದಾಗ ಗಂಟಿನಲ್ಲಿ ಏನೇನಿತ್ತು? ಕೇಳಿಕೊಂಡು ಬನ್ನಿ.’ ಈ ಪ್ರಶ್ನೆಗೆ ಉತ್ತರವಿಲ್ಲದ ಮನೆ ಒಂದೂ ಇರಲಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಕೌದಿ, ಕುಲದೇವರ ಭಂಡಾರದ ಅರಿಸಿನ ಪುಡಿ, ಗಾರೆ ಕೆಲಸದ ಕರಣಿ ಎಂದು ಮಕ್ಕಳು ಪಟ್ಟಿ ಮಾಡಿ ತಂದರು. ಅದೇ ಪಟ್ಟಿಯನ್ನಿಟ್ಟುಕೊಂಡು, ಬೆಳೆ, ಹವಾಮಾನ, ಕಸುಬು, ವಲಸೆಯ ಕಾರಣ ಎಲ್ಲವನ್ನೂ ಒಂದು ವಾರ ಮಾತನಾಡಿದೆವು. ಕೌದಿಯ ಬಟ್ಟೆಯ ತುಂಡುಗಳನ್ನು ನೋಡಿ ಆ ಮನೆಯಲ್ಲಿ ಯಾರ್ಯಾರು ಏನೇನು ಉಡುತ್ತಿದ್ದರೆಂದು ಊಹಿಸಬಹುದೆಂದು ಹೇಳಿದವಳು, ಹಿಂದಿನ ವರ್ಷ ಎರಡು ದಿನ ತಪ್ಪಿಸಿಕೊಂಡಿದ್ದ ಅದೇ ಹುಡುಗಿ.

ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮುಂಬಯಿಯನ್ನು ಮುಳುಗಿಸಿದ 2005ರ ಜುಲೈ 26ರ ಮಳೆಯ ಪಾಠ. ಈ ಮಕ್ಕಳು ಹುಟ್ಟುವ ಮೊದಲಿನ ಘಟನೆಯಾದ್ದರಿಂದ ಅವರಿಗೆ ಅದು ಇತಿಹಾಸವೇ. ಆದರೆ ಅದನ್ನು ಕಂಡವರು ಪಕ್ಕದ ಖೋಲಿಯಲ್ಲೇ ಇದ್ದಾರೆ. ‘ಆ ದಿನ ನೀವು ಎಲ್ಲಿದ್ದಿರಿ, ಎಷ್ಟು ಹೊತ್ತಿಗೆ ಮಳೆ ಜೋರಾಯಿತು, ನೀರು ಎಲ್ಲಿಯವರೆಗೆ ಬಂತು, ಮನೆಗೆ ಹೇಗೆ ತಲುಪಿದಿರಿ’ ಎಂಬ ನಾಲ್ಕೇ ಪ್ರಶ್ನೆಗಳನ್ನು ಕೊಟ್ಟು, ಹಿರಿಯರಲ್ಲಿ ಯಾರಾದರೊಬ್ಬರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬರಲು ಹೇಳಿದೆ. ಬಂದ ಉತ್ತರಗಳಲ್ಲಿ ಎರಡು ಒಂದಕ್ಕೊಂದು ಹೊಂದಲಿಲ್ಲ. ಒಬ್ಬಳ ಅಜ್ಜಿ ಕುರ್ಲಾದಲ್ಲಿದ್ದವರು. ಮೀಠಿ ನದಿಯ ನೀರು ಎದೆಮಟ್ಟ ಬಂದು, ರಾತ್ರಿಯಿಡೀ ಅಟ್ಟದ ಮೇಲೆ ಕುಳಿತಿದ್ದೆವೆಂದು ಹೇಳಿದ್ದರು. ಇನ್ನೊಬ್ಬನ ತಂದೆ ಆಗ ಕೊಲಾಬಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ‘ಅಂಥಾದ್ದೇನೂ ಮಳೆ ಇರಲಿಲ್ಲ, ನಾವು ಹೋಟೆಲು ಮುಚ್ಚಲೇ ಇಲ್ಲ’ ಎಂದಿದ್ದರು. ತರಗತಿ ಎರಡು ಪಂಗಡವಾಯಿತು. ‘ನಿಮ್ಮಪ್ಪ ಸುಳ್ಳು ಹೇಳ್ಯಾನ’ ಎಂದು ಒಬ್ಬಳು ಎದ್ದು ನಿಂತಳು. ಆ ಹುಡುಗನ ಕಣ್ಣಲ್ಲಿ ನೀರು ಬಂತು.

ನಾನು ಆಗ ತೀರ್ಪು ಹೇಳಲಿಲ್ಲ. ಮಳೆಯನ್ನು ಅಳೆದು ಬರೆದಿಡುವವರೂ ಇದ್ದಾರೆ, ನಾಳೆ ಅವರ ಲೆಕ್ಕವನ್ನು ನೋಡೋಣ ಎಂದು ನಿಲ್ಲಿಸಿದೆ. ಮರುದಿನ ಹವಾಮಾನ ಇಲಾಖೆಯ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಆ ಇಪ್ಪತ್ತನಾಲ್ಕು ತಾಸಿನಲ್ಲಿ ಕುರ್ಲಾಕ್ಕೆ ಹತ್ತಿರದ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಸುಮಾರು 73 ಮಿಲಿಮೀಟರ್. ಒಂದೇ ನಗರ, ಒಂದೇ ದಿನ. ಅಜ್ಜಿ ಹೇಳಿದ್ದೂ ನಿಜ, ತಂದೆ ಹೇಳಿದ್ದೂ ನಿಜ ಎಂದು ಮಕ್ಕಳೇ ಕೂಗಿದರು. ಸುಳ್ಳೆಂದಿದ್ದ ಹುಡುಗಿ ತಾನಾಗಿಯೇ ಹೋಗಿ ಆ ಹುಡುಗನ ಪಕ್ಕದಲ್ಲಿ ಕುಳಿತಳು. ಸಾಕ್ಷಿ ಹೇಳುವವರು ಎಲ್ಲಿ ನಿಂತು ನೋಡಿದರೆಂಬುದನ್ನು ಮೊದಲು ಕೇಳಬೇಕೆಂಬ ಮಾತು, ಆ ದಿನದಿಂದ ನನ್ನ ತರಗತಿಯಲ್ಲಿ ಯಾರೂ ಮರೆತಿಲ್ಲ.

ಆಮೇಲೆ ಆ 944ನ್ನು ಅವರು ಕೈಯಾರೆ ಕಾಣಬೇಕೆಂದು ಗೋಡೆಯ ಮೇಲೆ ಅಳತೆಪಟ್ಟಿಯಿಂದ ಅಳೆದು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಸಿದೆ. ನೆಲದಿಂದ 94 ಸೆಂಟಿಮೀಟರ್ ಮತ್ತು 4 ಮಿಲಿಮೀಟರ್. ಒಬ್ಬೊಬ್ಬರಾಗಿ ಬಂದು ಗೆರೆಗೆ ಬೆನ್ನು ತಾಗಿಸಿ ನಿಂತರು. ಹೆಚ್ಚಿನವರಿಗೆ ಅದು ಎದೆಯ ಹತ್ತಿರಕ್ಕೆ ಬಂತು. ಬಿದ್ದ ನೀರು ಎಲ್ಲೂ ಹರಿಯದೆ, ಇಂಗದೆ ಬಿದ್ದಲ್ಲೇ ನಿಂತಿದ್ದರೆ ಇಷ್ಟು ಎತ್ತರವಾಗುತ್ತಿತ್ತು, ತಗ್ಗಿನಲ್ಲಿ ಸುತ್ತಲ ನೀರೂ ಬಂದು ಸೇರುವುದರಿಂದ ಇನ್ನೂ ಮೇಲೇರುತ್ತದೆ ಎಂದು ವಿವರಿಸಿದೆ. ಕಲಬುರಗಿಯಲ್ಲಿ ಸಾಧಾರಣ ವರ್ಷವೊಂದರಲ್ಲಿ ಒಟ್ಟು ಬೀಳುವ ಮಳೆಗಿಂತಲೂ ಇದು ಹೆಚ್ಚೆಂದಾಗ ತರಗತಿ ಸ್ತಬ್ಧವಾಯಿತು. ಮಳೆಗಾಗಿ ಆಕಾಶ ನೋಡುವ ಊರನ್ನು ಬಿಟ್ಟುಬಂದ ಮಕ್ಕಳು ಅವರು. ಆ ಗೆರೆಯನ್ನು ನಾನು ಅಳಿಸಿಲ್ಲ.

ಮಳೆಗಾಲದಲ್ಲಿ ಪರೇಲ್ ಹತ್ತಿರದ ಹಿಂದಮಾತಾದಲ್ಲಿ ನೀರು ನಿಲ್ಲುವುದೇಕೆ ಎಂಬ ಪ್ರಶ್ನೆ ಅಲ್ಲಿಂದಲೇ ಎದ್ದಿತು. ಅದಕ್ಕಾಗಿ ದೊಡ್ಡ ಪರಾತದಲ್ಲಿ, ಅಂದರೆ ಅಗಲವಾದ ತಟ್ಟೆಯಲ್ಲಿ, ಜೇಡಿಮಣ್ಣಿನ ಏಳು ದಿಬ್ಬಗಳನ್ನು ಮಾಡಿಸಿದೆ: ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಾಝಗಾಂವ್, ಪರೇಲ್, ವರಳಿ, ಮಾಹಿಮ್. ನಡುವೆ ನೀರು ಸುರಿದಾಗ, ಮುಂಬಯಿ ಒಂದೇ ನೆಲವಾಗುವ ಮೊದಲಿದ್ದ ಏಳು ದ್ವೀಪಗಳು ಕಂಡವು. ವರಳಿಗೂ ಮುಂಬಯಿ ದ್ವೀಪಕ್ಕೂ ನಡುವಿನ ಕಂಡಿಯನ್ನು ಒಂದು ಮಣ್ಣಿನ ಬದುವಿನಿಂದ ಮುಚ್ಚಿಸಿ, 1784ರ ಹೊತ್ತಿಗೆ ಮುಗಿದ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಇದೇ, ಈಗ ಹಾಜಿ ಅಲಿಯ ಮುಂದೆ ಬಸ್ಸು ಓಡುವುದು ಇದೇ ಜಾಗದ ಮೇಲೆ ಎಂದು ಹೇಳಿದೆ. ಉಳಿದ ಕಂಡಿಗಳನ್ನು ಮಕ್ಕಳೇ ತುಂಬಿದರು. ಕೊನೆಗೆ ಮೇಲಿನಿಂದ ತಂಬಿಗೆಯಲ್ಲಿ ನೀರು ಹುಯ್ದಾಗ, ಅದು ದಿಬ್ಬಗಳನ್ನು ಬಿಟ್ಟು ತಾವು ತುಂಬಿದ ಜಾಗಗಳಲ್ಲೇ ಹೋಗಿ ನಿಂತದ್ದನ್ನು ಕಣ್ಣಾರೆ ಕಂಡರು. ಮುಂಬಯಿಯ ಬಡಾವಣೆಗಳಲ್ಲಿ ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ, ಉಮರಖಾಡಿಯ ‘ಖಾಡಿ’ ಎಂದರೆ ಸಮುದ್ರದ ಹಿನ್ನೀರು ಎಂದು ನಮ್ಮ ಮರಾಠಿ ಶಿಕ್ಷಕಿ ಬಂದು ತಿಳಿಸಿದಾಗ, ಊರಿನ ಹೆಸರೂ ‘ಹೇಗೆ ಗೊತ್ತಾಯಿತು’ ಎಂಬ ಸಾಲಿಗೆ ಸೇರಬಹುದೆಂದು ಒಬ್ಬ ಕೇಳಿದ. ಸೇರಿಸಿಕೊಂಡೆವು.

ಆರನೆಯ ಇಯತ್ತೆಯಲ್ಲಿ ದಕ್ಷಿಣದ ಪ್ರಾಚೀನ ರಾಜ್ಯಗಳ ಪಾಠ ಬರುತ್ತದೆ. ಚಾಲುಕ್ಯ, ರಾಷ್ಟ್ರಕೂಟ ಎಂದು ಹೆಸರುಗಳನ್ನು ಉರುಹೊಡೆಸುವುದರಲ್ಲೇ ಮುಗಿಯುತ್ತಿದ್ದ ಪಾಠವದು. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿರುವ ಕಾನ್ಹೇರಿಯ ಬೌದ್ಧ ಗುಹೆಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದೆ. ನೂರಕ್ಕೂ ಮಿಕ್ಕಿದ ಗುಹೆಗಳಿವೆ. ಎಲ್ಲವನ್ನೂ ತೋರಿಸಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯದೆಂದು ನಾಲ್ಕನ್ನು ಮಾತ್ರ ಆರಿಸಿಕೊಂಡೆ. ಮೊದಲಿಗೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನೂ, ಮಳೆನೀರನ್ನು ಅವುಗಳಿಗೆ ಸಾಗಿಸುವ ಸಣ್ಣ ಕಾಲುವೆಗಳನ್ನೂ ಬೆರಳಿನಿಂದ ಮುಟ್ಟಿ ಜಾಡು ಹಿಡಿಯಲು ಬಿಟ್ಟೆ. ಆಮೇಲೆ ಶಾಸನಗಳ ಮುಂದೆ ನಿಲ್ಲಿಸಿ, ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರೆಂದೂ, ಇಲ್ಲಿನ ಭಿಕ್ಷುಗಳಿಗೆ ಕೊಟ್ಟ ದತ್ತಿಯ ಶಾಸನಗಳಲ್ಲಿ ಚಕ್ರವರ್ತಿ ಅಮೋಘವರ್ಷನ ಹೆಸರಿದೆಯೆಂದೂ ಹೇಳಿದೆ. ‘ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಈಗ ಅದನ್ನು ಮಳಖೇಡ ಎನ್ನುತ್ತಾರೆ, ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿದೆ’ ಎಂದು ನಾನು ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬಳು, ‘ಟೀಚರ್, ಮಳಖೇಡ ನಮ್ಮೂರ ಬಾಜೂಕ ಅದ! ಸಿಮೆಂಟ್ ಫ್ಯಾಕ್ಟ್ರಿ ಅದ ಅಲ್ಲಿ!’ ಎಂದು ಕೂಗಿದಳು. ಅವಳ ತಾಯಿ ಬೊರಿವಲಿಯಲ್ಲೇ ಒಂದು ಕಟ್ಟಡದಲ್ಲಿ ಬಿಗಾರಿ ಕೆಲಸ ಮಾಡುತ್ತಿದ್ದರು. ಕಲ್ಲಿನ ಮೇಲಿನ ಅಕ್ಷರಗಳನ್ನು ಅವಳು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ನಾನು ಅವಸರಪಡಿಸಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಹೋದವಳು ಹಾಳುಬಿದ್ದ ಕೋಟೆಯ ಮತ್ತು ಹೊಳೆಯ ಚಿತ್ರ ಬರೆದುಕೊಂಡು ಬಂದಳು. ಬಲಗಡೆಯ ಸಾಲಿನಲ್ಲಿ ‘ನಾನೇ ಹೋಗಿ ನೋಡಿದೆ, ಮುತ್ಯಾನೂ ಸಂಗಡ ಇದ್ದ’ ಎಂದು ಬರೆದಿತ್ತು. ಅವಳು ಬಂದ ರೈಲಿನ ದಾರಿಯನ್ನೇ ಭೂಗೋಳದ ತಾಸಿಗೆ ತೆಗೆದುಕೊಂಡೆ: ಕಲಬುರಗಿ, ಸೋಲಾಪುರ, ದೌಂಡ, ಪುಣೆ, ಕಲ್ಯಾಣ. ನಕ್ಷೆಯ ಮೇಲೆ ದಾರವಿಟ್ಟು, ಪ್ರಮಾಣದಿಂದ ಗುಣಿಸಿ ದೂರ ಕಂಡುಹಿಡಿಯುವುದನ್ನು ಮಕ್ಕಳು ಎರಡೇ ತಾಸಿನಲ್ಲಿ ಕಲಿತರು.

ನಾಗರಿಕಶಾಸ್ತ್ರಕ್ಕೆ ಇಷ್ಟು ಕಷ್ಟಪಡಬೇಕಾಗಲಿಲ್ಲ. ತಮ್ಮ ಗಲ್ಲಿಯ ತೊಂದರೆಗಳನ್ನು ಒಂದೊಂದು ಚೀಟಿಯ ಮೇಲೆ ಬರೆಸಿ, ಮಹಾನಗರಪಾಲಿಕೆ, ರಾಜ್ಯ ಸರಕಾರ, ಕೇಂದ್ರ ಸರಕಾರ ಎಂಬ ಮೂರು ಡಬ್ಬಿಗಳಿಗೆ ಹಾಕಿಸಿದೆ. ನಲ್ಲಿ ನೀರು, ಗಟಾರ, ನಗರ ಸಾರಿಗೆಯ ಬೆಸ್ಟ್ ಬಸ್ಸು ಪಾಲಿಕೆಗೆ, ಪೊಲೀಸು ರಾಜ್ಯಕ್ಕೆ, ಲೋಕಲ್ ಗಾಡಿ ಕೇಂದ್ರಕ್ಕೆ. ತಪ್ಪು ಡಬ್ಬಿಗೆ ಹೋದ ಚೀಟಿಗಳ ಮೇಲೆ ನಡೆದ ವಾದವೇ ಪಾಠವಾಯಿತು.

ಇಷ್ಟೆಲ್ಲ ಮಾಡಿದರೆ ಪುಸ್ತಕ ಮುಗಿಯುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಶಾಲೆಯ ಒಂದು ಸತ್ರದಲ್ಲಿ, ಅಂದರೆ ಅರ್ಧವರ್ಷದಲ್ಲಿ, ಇಂಥ ದೊಡ್ಡ ಪ್ರಯೋಗ ಎರಡಕ್ಕಿಂತ ಹೆಚ್ಚು ನಾನು ಇಟ್ಟುಕೊಳ್ಳುವುದಿಲ್ಲ. ಉಳಿದ ಪಾಠಗಳನ್ನು ಎಲ್ಲರಂತೆ ಓದಿಸಿ, ವಿವರಿಸಿಯೇ ಮುಗಿಸುತ್ತೇನೆ. ಇಸವಿ, ಹೆಸರುಗಳನ್ನು ಬಾಯಿಪಾಠ ಮಾಡಿಸುವುದನ್ನೂ ಬಿಟ್ಟಿಲ್ಲ, ಏಕೆಂದರೆ ಅವು ಗೊತ್ತಿಲ್ಲದೆ ಪ್ರಶ್ನೆ ಕೇಳಲಿಕ್ಕೂ ಆಗುವುದಿಲ್ಲ. ಆದರೆ ಘಟಕ ಪರೀಕ್ಷೆಯಲ್ಲಿ ಐದು ಅಂಕಗಳ ಒಂದು ಪ್ರಶ್ನೆಯನ್ನು ಬೇರೆಯಾಗಿ ಇಡುತ್ತೇನೆ. ಒಂದೇ ಘಟನೆಯ ಬಗ್ಗೆ ಇಬ್ಬರು ಹೇಳಿದ ಎರಡು ಬೇರೆಬೇರೆ ಮಾತುಗಳನ್ನು ಕೊಟ್ಟು, ಇವೆರಡೂ ನಿಜವಾಗಿರಬಹುದೇ, ತಿಳಿಯಲು ಇನ್ನೇನನ್ನು ಹುಡುಕಬೇಕು ಎಂದು ಕೇಳುತ್ತೇನೆ. ಉತ್ತರಕ್ಕೆ ಅರ್ಧ ಪುಟ ಜಾಗ ಬಿಟ್ಟಿರುತ್ತೇನೆ. ಹೆಚ್ಚಿನವರು ಪುರವಣಿ ಕಾಗದ ಕೇಳುತ್ತಾರೆ.