ಗುಡ್ಡ ಹತ್ತುವುದಿಲ್ಲ ಎಂದರು, ಮೂವತ್ತೈದು ಸಾವಿರ ಕಿಲೋಮೀಟರ್ ಓಡಿತು

ಲೆಕ್ಕ ಸಮವಾಯಿತು. ವಿದ್ಯುತ್ ಬೈಕಿಗೆ ಹೆಚ್ಚಾಗಿ ಕೊಟ್ಟ ಹಣ ಮತ್ತು ಅದಕ್ಕೆಂದೇ ಮನೆಯಲ್ಲಿ ಮಾಡಿದ ವಯರಿಂಗಿನ ಖರ್ಚು ಎರಡೂ 2025ರ ದೀಪಾವಳಿಯ ಹೊತ್ತಿಗೆ ಪೆಟ್ರೋಲಿನ ಉಳಿತಾಯದಲ್ಲಿ ಹಿಂದಕ್ಕೆ ಬಂದಿವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಸುತ್ತಮುತ್ತ ಪಂಪು ರಿಪೇರಿಗೆ ಹೋಗುವ ನಮ್ಮಂಥವರಿಗೆ ಇದು ಆಗದ ಕೆಲಸ ಎಂದು ಸಹೋದ್ಯೋಗಿಗಳೆಲ್ಲ ತೀರ್ಪು ಕೊಟ್ಟಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಮೋಟಾರು, ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್), ಕಂಟ್ರೋಲರ್ (ಮೋಟಾರಿಗೆ ಕರೆಂಟು ಹದವಾಗಿ ಬಿಡುವ ಪೆಟ್ಟಿಗೆ) ಇವನ್ನು ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ. ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಗೊತ್ತಿರುವವರಿಗೆ ಇದು.

ಮೊದಲು ಹಳೆಯ ಖರ್ಚು. ನನ್ನ ನೂರು ಸಿಸಿ ಬೈಕು ಒಳ್ಳೆಯ ರಸ್ತೆಯಲ್ಲಿ ಅರವತ್ತು ಕೊಡುತ್ತಿತ್ತು. ಆದರೆ ಇಪ್ಪತ್ತೈದು ಕಿಲೋ ಸಾಮಾನು ಕಟ್ಟಿಕೊಂಡು, ಒಂದು ತೋಟದಿಂದ ಇನ್ನೊಂದಕ್ಕೆ ಮೊದಲ ಗೇರು, ಎರಡನೇ ಗೇರಿನಲ್ಲೇ ಹತ್ತಿ ಇಳಿಯುವಾಗ ಸಿಕ್ಕಿದ್ದು ನಲವತ್ತೈದು, ನಲವತ್ತಾರು. ಲೀಟರಿಗೆ ನೂರಾ ಆರರ ಆಸುಪಾಸು. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ ಸೇರಿತು. ಹೀಗಾಗಿ ಕಿಲೋಮೀಟರಿಗೆ ಎರಡು ರೂಪಾಯಿ ಮೂವತ್ತು ಪೈಸೆ ಬರಿಯ ಪೆಟ್ರೋಲಿಗೇ ಹೋಗುತ್ತಿತ್ತು. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಎಂದು ಹಿಡಿದರೆ ತಿಂಗಳಿಗೆ ನಾಲ್ಕು ಸಾವಿರ. ಎಂಜಿನ್ ಆಯಿಲ್, ಕ್ಲಚ್ ಪ್ಲೇಟು, ಚೈನ್ ಸೆಟ್ ಅದರ ಮೇಲೆ. ಗುಡ್ಡದಲ್ಲಿ ಅರ್ಧ ಕ್ಲಚ್ಚಿನಲ್ಲಿ ಓಡಿಸುವವನಿಗೆ ಕ್ಲಚ್ ಪ್ಲೇಟು ಎಷ್ಟು ದಿನ ಬಾಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ನಾನು ಖರೀದಿಸಿದ್ದು 2024ರ ಮಾರ್ಚ್‌ನಲ್ಲಿ. ವಿದ್ಯುತ್ ವಾಹನಗಳಿಗೆ ಕೇಂದ್ರ ಕೊಡುತ್ತಿದ್ದ ಫೇಮ್-2 ಸಬ್ಸಿಡಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಚಿಟ್ಟಿ ಎತ್ತಿ ಹಣ ಹೊಂದಿಸಿದೆ. ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಸ್ವಲ್ಪ ಆಯಿತು. ಅದೇ ದಿನ ಹೊಸ ನೂರು ಸಿಸಿ ಬೈಕು ತಂದಿದ್ದರೆ ಒಂದು ಲಕ್ಷದೊಳಗೆ ಮುಗಿಯುತ್ತಿತ್ತು. ಅಂತರ ಐವತ್ತೈದು ಸಾವಿರ ಎಂದಿಟ್ಟುಕೊಳ್ಳಿ. ಕೇರಳದಲ್ಲಿ ವಿದ್ಯುತ್ ಬೈಕಿಗೆ ರಸ್ತೆ ತೆರಿಗೆ ನೂರಕ್ಕೆ ಐದು ಮಾತ್ರ; ಇಲ್ಲದಿದ್ದರೆ ಅಂತರ ಇನ್ನೂ ಹೆಚ್ಚುತ್ತಿತ್ತು. ಬ್ಯಾಟರಿ ನಾಲ್ಕು ಯೂನಿಟ್‌ಗಿಂತ (ಕಿಲೋವ್ಯಾಟ್ ಅವರ್) ಸ್ವಲ್ಪ ದೊಡ್ಡದು, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದು. ಕಂಪನಿಯ ಹೆಸರು ಬೇಡ, ಮುಂದೆ ಬೈಯುವುದಿದೆ.

ಇದಕ್ಕೂ ಮೊದಲು ಎರಡು ದಾರಿ ನೋಡಿ ಬಿಟ್ಟಿದ್ದೆ. ಒಂದು, ಲೈಸೆನ್ಸು, ರಿಜಿಸ್ಟ್ರೇಷನ್ ಬೇಡದ ಇನ್ನೂರೈವತ್ತು ವ್ಯಾಟಿನ ಸ್ಕೂಟರ್. ಕಾನೂನಿನ ಪ್ರಕಾರವೇ ಅದು ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಬಾರದು. ಪರಿಚಯದವರಿಂದ ಕೇಳಿ ತಂದು ಓಡಿಸಿದೆ. ಪೇಟೆಯಲ್ಲಿ ಚೆನ್ನಾಗಿತ್ತು, ಮೊದಲ ಏರಿನಲ್ಲಿ ನಾನು ಇಳಿದು ತಳ್ಳಿದೆ, ಎರಡನೆಯದರಲ್ಲಿ ತೋಟದ ಯಜಮಾನರೂ ತಳ್ಳಿದರು. ಇನ್ನೊಂದು, ಹಳೆಯ ಬೈಕಿನ ಎಂಜಿನ್ ತೆಗೆದು ಚಕ್ರದೊಳಗೇ ಇರುವ ಹಬ್ ಮೋಟಾರು ಕೂರಿಸುವುದು. ಕಿಟ್‌ಗೆ ವಾಹನ ಪರೀಕ್ಷಿಸುವ ಎಆರ್‌ಎಐನಂಥ ಸಂಸ್ಥೆಯ ಮಂಜೂರಾತಿ ಇರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಮಂಜೂರಾತಿ ಇದ್ದ ಕಿಟ್‌ನ ಬೆಲೆ ಕೇಳಿದ ಮೇಲೆ ಹೊಸದೇ ವಾಸಿ ಎನಿಸಿತು. ಮಂಜೂರಾತಿ ಇಲ್ಲದ್ದನ್ನು ಹಾಕಿಸಿಕೊಂಡ ಒಬ್ಬರ ಮೋಟಾರು ಪೈವಳಿಕೆಯ ಏರಿನಲ್ಲಿ ಬಿಸಿಯಾಗಿ ವೈಂಡಿಂಗ್ (ಒಳಗಿನ ತಂತಿಸುರುಳಿ) ಸುಟ್ಟಿತ್ತು. ರಿವೈಂಡ್ ಮಾಡಿಕೊಡಲು ನನ್ನ ಬಳಿಗೇ ತಂದಿದ್ದರು, ಆದ್ದರಿಂದ ಒಳಗಿನ ಅವಸ್ಥೆ ಕಣ್ಣಾರೆ ನೋಡಿದ್ದೇನೆ.

ಏರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಹತ್ತುತ್ತದೆ. ಪೆಟ್ರೋಲ್ ಬೈಕಿಗಿಂತ ಚೆನ್ನಾಗಿ ಹತ್ತುತ್ತದೆ. ತೊಂದರೆ ಇರುವುದು ಮಳೆಗಾಲದ ಪಾಚಿಯಲ್ಲಿ. ನಮ್ಮ ತೋಟಗಳ ದಾರಿ ನಿಮಗೆ ಗೊತ್ತು: ಚಕ್ರ ಹೋಗುವಷ್ಟು ಅಗಲದ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು, ಆಚೀಚೆ ಮುರಕಲ್ಲು (ಜಂಬಿಟ್ಟಿಗೆ). ಜೂನ್ ಕಳೆದರೆ ಆ ಪಟ್ಟಿಯ ಮೇಲೆ ಕಪ್ಪು ಪಾಚಿ ಹಿಡಿಯುತ್ತದೆ. ಪೆಟ್ರೋಲ್ ಬೈಕು ಕ್ಲಚ್ಚಿನ ಮೂಲಕ ನಿಧಾನವಾಗಿ ಬಲ ಕೊಡುತ್ತದೆ. ಇದು ಹಿಡಿ ತಿರುಗಿಸಿದ ಕೂಡಲೇ ಪೂರ್ತಿ ಬಲ ಕೊಟ್ಟು ಹಿಂದಿನ ಚಕ್ರವನ್ನು ನಿಂತಲ್ಲೇ ತಿರುಗಿಸುತ್ತದೆ. ಮೊದಲ ಮಳೆಗಾಲದಲ್ಲಿ ಬಾಯಾರಿನ ಒಂದು ತೋಟದಲ್ಲಿ ಹಿಂದಿನ ಚಕ್ರ ಹಾಗೆಯೇ ಜಾರಿ ಬೈಕು ಅಡ್ಡ ಬಿತ್ತು. ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಒಡೆಯಿತು, ಎಂಟುನೂರು ರೂಪಾಯಿ. ಆಮೇಲೆ ಹಿಂದಿನ ಟಯರನ್ನು ಗಡುಸು ಹಲ್ಲಿನದಕ್ಕೆ ಬದಲಾಯಿಸಿದೆ, ಗಾಳಿ ಎರಡು ಮೂರು ಪೌಂಡ್ ಕಡಿಮೆ ಇಟ್ಟೆ, ಪಾಚಿ ಕಂಡಲ್ಲಿ ಬಲ ಕಡಿಮೆ ಕೊಡುವ ಇಕೋ ಮೋಡಿಗೆ ಇಳಿಸಿದೆ. ರೇಂಜು, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸ್ವಲ್ಪ ಕಡಿಮೆಯಾಯಿತು. ಮತ್ತೆ ಬಿದ್ದಿಲ್ಲ.

ಇಳಿಜಾರಿನಲ್ಲಿ ಇನ್ನೊಂದು ವಿಚಿತ್ರ. ನನ್ನ ಮನೆ ಗುಡ್ಡದ ಮೇಲಿದೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ಇಳಿಯುವಾಗ ರೀಜನರೇಶನ್ (ಮೋಟಾರೇ ವೇಗ ತಡೆದು ಬ್ಯಾಟರಿ ತುಂಬುವುದು) ಕೆಲಸ ಮಾಡುವುದೇ ಇಲ್ಲ, ಏಕೆಂದರೆ ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಬಿಎಂಎಸ್ ಬಿಡುವುದಿಲ್ಲ. ಬ್ರೇಕು ಒಂದನ್ನೇ ನಂಬಿ ಇಳಿಯಬೇಕು, ಪ್ಯಾಡು ಸವೆಯುತ್ತದೆ. ಈಗ ತೊಂಬತ್ತಕ್ಕೆ ನಿಲ್ಲಿಸುತ್ತೇನೆ. ವಾರಕ್ಕೊಮ್ಮೆ, ಭಾನುವಾರ, ನೂರು ಮುಟ್ಟಿಸುತ್ತೇನೆ; ಇಲ್ಲದಿದ್ದರೆ ಎಲ್‌ಎಫ್‌ಪಿಯ ಸೆಲ್‌ಗಳು ಸಮವಾಗುವುದಿಲ್ಲ, ಮೀಟರು ಸುಳ್ಳು ಹೇಳಲು ಶುರು ಮಾಡುತ್ತದೆ. ಮೂವತ್ತೈದು ಶೇಕಡಾ ತೋರಿಸುತ್ತಿದ್ದದ್ದು ಒಂದೇ ಏರಿನಲ್ಲಿ ಹನ್ನೆರಡಕ್ಕೆ ಇಳಿದದ್ದನ್ನು ನೋಡಿದ್ದೇನೆ.

ನಿಜವಾಗಿ ಹಣ ಮತ್ತು ನಿದ್ರೆ ಎರಡನ್ನೂ ತಿಂದದ್ದು ಚಾರ್ಜಿಂಗ್. ನಾವಿರುವುದು ಲೈನಿನ ಕೊನೆಯಲ್ಲಿ. ಸಂಜೆ ಆರರಿಂದ ಹತ್ತರವರೆಗೆ ನೂರೆಂಬತ್ತು ವೋಲ್ಟ್ ಇದ್ದರೆ ಪುಣ್ಯ. ಚಾರ್ಜರ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ನಲವತ್ತು ಶೇಕಡಾ. ಶೋರೂಮಿನವರು ಚಾರ್ಜರಿನಲ್ಲಿ ದೋಷ ಎಂದು ಬದಲಾಯಿಸಿದರು; ಹೊಸದೂ ಅದನ್ನೇ ಮಾಡಿತು. ಆ ನಡುವೆ ಅಂಗಡಿಯ ಹದಿನಾರು ಆಂಪಿಯರ್ ಸಾಕೆಟ್ ಒಂದು ಕರಗಿ ಹೋಯಿತು. ಮೂರು ನಾಲ್ಕು ಗಂಟೆ ಬಿಡದೆ ಕರೆಂಟು ಎಳೆಯುವ ಕೆಲಸಕ್ಕೆ ಅಗ್ಗದ ಸಾಕೆಟ್ಟಿನ ಪಿತ್ತಾಳೆ ತಗಡು ಸಾಲದು. ಪಿನ್ನು ಸಡಿಲವಾಗುತ್ತದೆ, ಅಲ್ಲೇ ಬಿಸಿಯಾಗುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ ನಾಲ್ಕು ಸ್ಕ್ವೇರ್ (ಚದರ ಮಿಲಿಮೀಟರ್) ತಂತಿ ಎಳೆದು, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ (ಕರೆಂಟು ಹೆಚ್ಚಾದರೆ ಅಥವಾ ಸೋರಿದರೆ ತಾನೇ ಕಡಿಯುವ ಸ್ವಿಚ್ಚುಗಳು), ನೀಲಿ ಇಂಡಸ್ಟ್ರಿಯಲ್ ಸಾಕೆಟ್, ಹೊಸ ಅರ್ತ್ ಹೊಂಡ ಮಾಡಿದೆ. ಮುರಕಲ್ಲಿನಲ್ಲಿ ಅರ್ತ್ ಬೇಸಿಗೆಯಲ್ಲಿ ಕೈಕೊಡುತ್ತದೆ; ಸ್ನಾನದ ಮನೆಯ ನೀರು ಹೋಗುವ ಜಾಗದಲ್ಲಿ ಹೊಂಡ ತೋಡಿದ್ದರಿಂದ ಮಾರ್ಚ್‌ನಲ್ಲೂ ತೇವ ಇರುತ್ತದೆ. ಹಳೆಯ ಪಂಪಿನ ಸ್ಟೆಬಿಲೈಸರ್ ಒಂದನ್ನು ಬಿಚ್ಚಿ ಟ್ಯಾಪಿಂಗ್ (ವೋಲ್ಟ್ ಎಷ್ಟು ಏರಿಸಬೇಕೆಂದು ನಿರ್ಧರಿಸುವ ಸುರುಳಿಯ ಜೋಡಣೆ) ಬದಲಾಯಿಸಿ ನಡುವೆ ಸೇರಿಸಿದೆ. ಯಾವ ಟ್ಯಾಪಿಂಗ್, ರಿಲೇಗೆ ಎಷ್ಟು ಹೊತ್ತಿನ ವಿಳಂಬ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಒಟ್ಟು ಹದಿಮೂರು ಸಾವಿರದ ಹತ್ತಿರ ಆಯಿತು, ಮಜೂರಿ ನನ್ನದೇ. ಅಂದಿನಿಂದ ಚಾರ್ಜಿಂಗ್ ರಾತ್ರಿ ಹನ್ನೊಂದಕ್ಕೆ ಟೈಮರಿನಲ್ಲಿ ಶುರುವಾಗುತ್ತದೆ, ನಾನು ಮಲಗಿರುತ್ತೇನೆ.

ಇನ್ನು ಬಿಲ್ಲು. ನೂರು ಕಿಲೋಮೀಟರಿಗೆ ಗೋಡೆಯಿಂದ ಸುಮಾರು ಐದು ಯೂನಿಟ್ ಎಳೆಯುತ್ತದೆ, ಚಾರ್ಜರಿನ ನಷ್ಟ ಸೇರಿ. ಯೂನಿಟ್‌ಗೆ ನಾಲ್ಕೈದು ರೂಪಾಯಿ ಎಂದು ಗುಣಿಸಿ ಖುಷಿಪಡುವವರು ಕೇರಳದ ಬಿಲ್ಲನ್ನು ಓದಿಲ್ಲ. ತಿಂಗಳಿಗೆ ಇನ್ನೂರೈವತ್ತು, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ ಐನೂರು ಯೂನಿಟ್ ದಾಟಿದರೆ ಮೆಟ್ಟಿಲು ಲೆಕ್ಕ (ಮೇಲಿನ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ) ಹೋಗಿ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ ಬೀಳುತ್ತದೆ. ನಮ್ಮ ಮನೆಯದು ನಾನೂರಿಪ್ಪತ್ತರ ಆಸುಪಾಸು ಇತ್ತು. ಬೈಕು ನೂರೆಪ್ಪತ್ತೈದು ಸೇರಿಸಿತು. ಎರಡು ಸಾವಿರ ಚಿಲ್ಲರೆಯ ಬಿಲ್ಲು ನಾಲ್ಕು ಸಾವಿರಕ್ಕೆ ಮುಟ್ಟಿತು. ಬೈಕಿನ ಪಾಲಿಗೆ ಯೂನಿಟ್‌ಗೆ ಹತ್ತು ರೂಪಾಯಿ ಬಿದ್ದಂತೆ. ಆಗಲೂ ಕಿಲೋಮೀಟರಿಗೆ ಐವತ್ತೇ ಪೈಸೆ, ಪೆಟ್ರೋಲಿನ ಕಾಲು ಭಾಗಕ್ಕೂ ಕಡಿಮೆ. ಆದರೂ ಸುಮ್ಮನೆ ಕೊಡಲು ಮನಸ್ಸಾಗಲಿಲ್ಲ. ಮನೆಯ ಒಂದು ಎಚ್‌ಪಿ ಪಂಪು ತೆಗೆದು ಅರ್ಧದ್ದನ್ನು ಕೂರಿಸಿದೆ, ಸೋರುತ್ತಿದ್ದ ಫುಟ್‌ವಾಲ್ವ್ ಬದಲಾಯಿಸಿದೆ, ಮೂರು ಹಳೆಯ ಫ್ಯಾನು ತೆಗೆದು ಕರೆಂಟು ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನು ಹಾಕಿದೆ. ಈಗ ಬೈಕೂ ಸೇರಿ ಐನೂರರ ಒಳಗೆ ನಿಲ್ಲುತ್ತಿದೆ. ಬೈಕಿನ ಯೂನಿಟ್ ಏಳೂವರೆಗೆ ಇಳಿದಿದೆ, ಕಿಲೋಮೀಟರಿಗೆ ನಲವತ್ತು ಪೈಸೆಯೂ ಇಲ್ಲ. ಹಾಗೆ ನೋಡಿದರೆ ಮನೆಯ ಫ್ಯಾನು ತಿರುಗುವುದು ಬೈಕಿನಿಂದಾಗಿ ಕಡಿಮೆ ಖರ್ಚಿನಲ್ಲಿ.

ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳ ಮನೆಯಲ್ಲಿ ಒಂದು ಗಂಟೆ ಹಾಕುವುದುಂಟು. ಬಿಲ್ಲಿನಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಮಾಡುತ್ತೇನೆ. "ಪಂಪು ಶೆಡ್ಡಿನಲ್ಲಿ ಹಾಕಿ, ಅಲ್ಲಿ ಕರೆಂಟು ಅಗ್ಗ" ಎಂದು ಉದಾರವಾಗಿ ಹೇಳುವವರಿದ್ದಾರೆ. ಹಾಕಬೇಡಿ. ಕೃಷಿ ಸಂಪರ್ಕ ಕೃಷಿಗೆ ಮಾತ್ರ. ಬೇರೆಯದಕ್ಕೆ ಬಳಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ದಂಡದ ಲೆಕ್ಕ ಹಾಕುತ್ತಾರೆ, ಅದು ಬೀಳುವುದು ಗಿರಾಕಿಯ ತಲೆಗೆ. ಪೇಟೆಯ ಕಂಬಗಳಲ್ಲಿ ಮೊಬೈಲಿನಿಂದ ಹಣ ಕಟ್ಟಿ ಚಾರ್ಜ್ ಮಾಡುವ ಪೆಟ್ಟಿಗೆಗಳಿವೆ. ನಾನು ಹೋದಾಗಲೆಲ್ಲ ಅದರ ಮುಂದೆ ಆಟೋ ನಿಂತಿರುತ್ತದೆ.

ಬೈಯುವುದಿದೆ ಎಂದೆನಲ್ಲ, ಅದು ಸರ್ವಿಸಿನ ಬಗ್ಗೆ. ಮೊದಲ ವರ್ಷದ ಆಗಸ್ಟ್‌ನಲ್ಲಿ ಕಂಟ್ರೋಲರ್ ಸತ್ತಿತು. ಪಿಕಪ್ಪಿನಲ್ಲಿ ಹೇರಿ ಮಂಗಳೂರಿಗೆ ಸಾಗಿಸಲು ಎರಡೂವರೆ ಸಾವಿರ. ವಾರಂಟಿಯಲ್ಲಿ ಭಾಗ ಉಚಿತ, ಆದರೆ ಭಾಗ ಬರಬೇಕಲ್ಲ. ಮೂರು ವಾರಕ್ಕೂ ಹೆಚ್ಚು ಕಾಲ ಬೈಕು ಅಲ್ಲೇ ಇತ್ತು. ಒಳಗೆ ಬಿಚ್ಚಿ ನೋಡುವ ಕೈತುರಿಕೆ ನನಗಿತ್ತು, ಸೀಲು ಒಡೆದರೆ ವಾರಂಟಿ ಹೋಗುತ್ತದೆಂದು ತಡೆದುಕೊಂಡೆ. ನೂರು ಸಿಸಿ ಬೈಕಾದರೆ ಪೆರ್ಲದ ಯಾವ ಗ್ಯಾರೇಜಿನಲ್ಲೂ ಸಂಜೆಯೊಳಗೆ ಎದ್ದು ನಿಲ್ಲುತ್ತಿತ್ತು. ಹಳೆಯ ಬೈಕನ್ನು ಮಾರದೆ ಇಟ್ಟುಕೊಂಡದ್ದು ಆಗ ಉಪಯೋಗಕ್ಕೆ ಬಂತು. ಈಗಲೂ ಮಾರಿಲ್ಲ. ಬಿಡಿಭಾಗ ತರಲು ಪುತ್ತೂರಿಗೆ ಅಡ್ಕಸ್ಥಳ, ವಿಟ್ಲದ ದಾರಿಯಲ್ಲಿ ಹೋಗಿ ಬರುವುದು ವಿದ್ಯುತ್ ಬೈಕಿಗೆ ಕಷ್ಟಪಟ್ಟು ಸಾಧ್ಯ. ಮಂಗಳೂರಿಗೆ ಹೋಗಿ ಬರುವುದಾದರೆ ಹಳೆಯದೇ, ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಟ್ಯಾಂಕು ತುಂಬಿಸುತ್ತೇನೆ. ಆ ಕಡೆ ಲೀಟರಿಗೆ ಮೂರು ನಾಲ್ಕು ರೂಪಾಯಿ ಕಡಿಮೆ.

ಮಳೆಯಲ್ಲಿ ಸುಟ್ಟುಹೋಗುತ್ತದೆ ಎಂಬ ಹೆದರಿಕೆ ಬೇಡ, ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗುವುದಿಲ್ಲ. ಹಾಳಾಗುವುದು ಚಾರ್ಜಿಂಗ್ ಪಿನ್ನು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿದು ಚಾರ್ಜ್ ಆಗುವುದು ನಿಲ್ಲುತ್ತದೆ. ತಿಂಗಳಿಗೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರಸಬೇಕು. ಆಮೇಲೆ ನಾನು ಸವರುವ ವಸ್ತು ಬೇರೆಯೇ ಇದೆ, ಸಬ್‌ಮರ್ಸಿಬಲ್ ಪಂಪಿನ ಕೆಲಸ ಮಾಡುವವರು ಊಹಿಸಿಕೊಳ್ಳಬಹುದು.

ನಡುವೆ ಸೋಲಾರಿನ ಹುಚ್ಚೂ ಹತ್ತಿತ್ತು. ಐನೂರ ನಲವತ್ತು ವ್ಯಾಟಿನ ಒಂದು ಪ್ಯಾನೆಲ್, ಹಳೆಯ ಇನ್ವರ್ಟರ್, ಎರಡು ಲೆಡ್ ಬ್ಯಾಟರಿ ಸೇರಿಸಿ ಬೈಕು ಚಾರ್ಜ್ ಮಾಡಿ ನೋಡಿದೆ. ಪ್ಯಾನೆಲಿನಿಂದ ಬ್ಯಾಟರಿಗೆ, ಅಲ್ಲಿಂದ ಇನ್ವರ್ಟರಿಗೆ, ಅಲ್ಲಿಂದ ಚಾರ್ಜರಿಗೆ ಹೋಗುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತಿತ್ತು. ಅದೂ ಅಲ್ಲದೆ ಬಿಸಿಲಿರುವಾಗ ಬೈಕು ತೋಟದಲ್ಲಿರುತ್ತದೆ. ಆ ಪ್ಯಾನೆಲ್ ಈಗ ಸ್ಪ್ರೇಯರ್ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತಿದೆ, ಅದಕ್ಕೆ ಹೇಳಿ ಮಾಡಿಸಿದಂತಿದೆ.

"ಬ್ಯಾಟರಿ ಹೋದರೆ?" ಎಂಬುದು ಕೊನೆಯ ಬಾಣ. ಶೋರೂಮಿನಲ್ಲಿ ಅರವತ್ತು ಸಾವಿರದ ಮೇಲೆ ಹೇಳಿದ್ದಾರೆ. ಎಂಬತ್ತು ಸಾವಿರ ಕಿಲೋಮೀಟರ್ ಬಾಳಿದರೂ ಕಿಲೋಮೀಟರಿಗೆ ಎಪ್ಪತ್ತೈದು ಪೈಸೆ ಎತ್ತಿಡಬೇಕು. ಎತ್ತಿಟ್ಟರೂ ಪೆಟ್ರೋಲಿಗಿಂತ ಒಂದು ರೂಪಾಯಿಯ ಮೇಲೆ ಉಳಿಯುತ್ತದೆ. ಮೂವತ್ತೈದು ಸಾವಿರ ಓಡಿದ ಮೇಲೆ ನನ್ನ ರೇಂಜು ನೂರೈದರಿಂದ ತೊಂಬತ್ತೆಂಟಕ್ಕೆ ಬಂದಿದೆ, ಅದರಲ್ಲಿ ಟಯರಿನ ಪಾಲೂ ಇದೆ. ಎರಡನೇ ಕೈಗೆ ಮಾರುವ ಮಾತು ಮಾತ್ರ ಎತ್ತಬೇಡಿ. ಬ್ರೋಕರ್ ಹೇಳಿದ ಬೆಲೆಗೆ ಬ್ಯಾಟರಿಯ ಅರ್ಧವೂ ಬರುವುದಿಲ್ಲ.

ಈಗ ತೆಗೆದುಕೊಳ್ಳುವವರ ಲೆಕ್ಕ ನನ್ನದಕ್ಕಿಂತ ಬಿಗಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ವಿದ್ಯುತ್ ಬೈಕಿನದು 5ರಲ್ಲೇ ಇದೆ, ಸಬ್ಸಿಡಿ ಮಾತ್ರ ಕರಗುತ್ತಾ ಬಂದು 2025-26ರಲ್ಲಿ ಬ್ಯಾಟರಿಯ ಯೂನಿಟ್‌ಗೆ ಎರಡೂವರೆ ಸಾವಿರಕ್ಕೆ, ಹೆಚ್ಚೆಂದರೆ ಐದು ಸಾವಿರಕ್ಕೆ ಇಳಿದಿತ್ತು. ಹೆಚ್ಚಿಗೆ ಕೊಟ್ಟ ಹಣ ಹಿಂದಕ್ಕೆ ಬರಲು ದಿನಕ್ಕೆ ಎಪ್ಪತ್ತು ಓಡಿಸುವವರಿಗೆ ಎರಡು ವರ್ಷವಾದರೂ ಬೇಕು. ಮೂವತ್ತು ಓಡಿಸುವವರಿಗೆ ನಾಲ್ಕು ವರ್ಷದ ಮೇಲೆ. ಅವರು ಪೆಟ್ರೋಲ್ ಬೈಕನ್ನೇ ಕೊಳ್ಳಲಿ. ನನ್ನನ್ನು ನೋಡಿ ನಗುತ್ತಿದ್ದವರಲ್ಲಿ ಒಬ್ಬರು ಕಳೆದ ತಿಂಗಳು ಬುಕ್ ಮಾಡಿ ಸ್ಟೆಬಿಲೈಸರಿನ ಟ್ಯಾಪಿಂಗ್ ಕೇಳಲು ಬಂದಿದ್ದರು. ಸಾಮಾನಿನ ಜೊತೆ ಸಾವಿರದ ಇನ್ನೂರು ಮಜೂರಿ ಹೇಳಿದ್ದೇನೆ.