ಸ್ಟೀಲ್ ಲೋಟದಲ್ಲಿ ಐದು ಬಿಯರ್

ಇಂಡಿಯಾ ಪೇಲ್ ಏಲ್, ಚಿಕ್ಕದಾಗಿ ಐಪಿಎ ಅನ್ನೋ ಬಿಯರ್ ಅಂದ್ರೆ ನನಗೆ ಪ್ರಾಣ. ಆ ಕಹಿ, ಆಮೇಲೆ ಮೂಗಿಗೆ ಏರುವ ನಿಂಬೆಸಿಪ್ಪೆಯ ಘಮ. ಬಳ್ಳಾರಿಯ ನನ್ನ ಗೆಳೆಯರ ಮುಂದೆ ಇದನ್ನು ಹೊಗಳಿದರೆ ಸಿಗುವ ಉತ್ತರ ಒಂದೇ: "ಲೇ, ಬೇವಿನ ಕಷಾಯ ಕುಡಿಯಾಕ ಅಷ್ಟ್ಯಾಕ ರೊಕ್ಕ ಕೊಡ್ತಿ?"

ವಾದ ಮಾಡಿ ಸಾಕಾಗಿ ಒಂದು ಪರೀಕ್ಷೆ ಇಟ್ಟೆ. ಯಾವ ಬಿಯರ್ ಅಂತ ಗೊತ್ತಿಲ್ಲದೆ ಕುಡಿಯಬೇಕು, ಹತ್ತಕ್ಕೆ ಎಷ್ಟು ಅಂತ ಅಂಕ ಬರೆಯಬೇಕು. ನಾನು, ಗಂಗಾವತಿಯ ನಮ್ಮ ಭಾವ, ಜೀನ್ಸ್ ಹೊಲಿಸುವ ಒಬ್ಬ ಗೆಳೆಯ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಇನ್ನೊಬ್ಬ. ಸುರಿಯುವ ಕೆಲಸ ನನ್ನ ತಮ್ಮನದು. ಅವನು ಕುಡಿಯೋದಿಲ್ಲ, ಹಾಗಾಗಿ ನಂಬಬಹುದು.

ಐದು ಬಗೆ ಇಟ್ಟಿದ್ದೆ. ಮಾಮೂಲಿ ಲಾಗರ್. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುವ ಬೆಲ್ಜಿಯಂ ಮಾದರಿಯ ಗೋಧಿ ಬಿಯರ್, ಅಂದ್ರೆ ಬೀರಾ ವೈಟ್ ಥರದ್ದು. ಜರ್ಮನಿಯ ಗೋಧಿ ಬಿಯರ್ ಹೆಫೆವೈಜನ್. ನನ್ನ ಐಪಿಎ. ಕೊನೆಗೆ ಕಪ್ಪು ಸ್ಟೌಟ್. ನಾಲ್ಕನ್ನು ಅದೇ ವಾರ ಬೆಂಗಳೂರಿಂದ ಕಾರಲ್ಲಿ ತಂದೆ, ಐಸ್ ಡಬ್ಬದಲ್ಲಿ ಇಟ್ಟುಕೊಂಡು, ಚಳ್ಳಕೆರೆ ದಾರಿಯಲ್ಲಿ. ಐಪಿಎ ಮಾತ್ರ ಮನೆಯಲ್ಲೇ ಇತ್ತು. ಏಪ್ರಿಲ್‌ನಲ್ಲಿ ತಂದು, ಒಳ್ಳೆ ದಿನ ಬರಲಿ ಅಂತ ಅಲ್ಮಾರಿ ಮೇಲೆ ಎತ್ತಿಟ್ಟಿದ್ದೆ. ಪರೀಕ್ಷೆ ಬೇಗ ಆಗಬೇಕಿತ್ತು. ಆದರೆ ಭಾವ ಶ್ರಾವಣದಲ್ಲಿ ಮುಟ್ಟೋದಿಲ್ಲ. ಆಮೇಲೆ ಗಣಪತಿ ಮುಗೀಲಿ ಅಂದ್ರು, ದಸರಾ ಮುಗೀಲಿ ಅಂದ್ರು. ಕೊನೆಗೆ ನವೆಂಬರ್ ಬಂತು.

ಗಾಜಿನ ಲೋಟ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಬಣ್ಣ ನೋಡಿದರೆ ನಾಲಿಗೆಗಿಂತ ಮೊದಲು ಕಣ್ಣೇ ಅಂಕ ಕೊಡುತ್ತೆ. ಸ್ಟೀಲ್ ಲೋಟ, ಒಂದೊಂದರಲ್ಲಿ 100 ಮಿಲೀ, ತಳಕ್ಕೆ ಅಂಕಿ ಬರೆದ ಚೀಟಿ. ಮಹಡಿ ಮೇಲಿನ ದೀಪವನ್ನೂ ಆರಿಸಿದ್ದೆವು. ನಡುನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ಒಗ್ಗರಣೆ ಹಾಕದ ಬರೀ ಮಂಡಕ್ಕಿ. ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ, ಎಣ್ಣೆ ಇಲ್ಲ, ಮಸಾಲೆ ಇಲ್ಲ. ಸ್ಟೌಟನ್ನು 20 ನಿಮಿಷ ಮೊದಲೇ ಫ್ರಿಜ್‌ನಿಂದ ತೆಗೆದಿಡು ಅಂತ ತಮ್ಮನಿಗೆ ಹೇಳಿದ್ದೆ. ತೀರಾ ತಣ್ಣಗಿದ್ದರೆ ಅದರಲ್ಲಿ ರುಚಿಯೇ ತಿಳಿಯೋದಿಲ್ಲ, 10–12 ಡಿಗ್ರಿ ಬೇಕು. ಮೇ ತಿಂಗಳಾಗಿದ್ದರೆ ಬಳ್ಳಾರಿಯಲ್ಲಿ ಐದೇ ನಿಮಿಷ ಸಾಕಿತ್ತು ಬಿಡಿ.

ಹೆಫೆವೈಜನ್ ಬಂದಾಗ ಜೀನ್ಸ್ ಗೆಳೆಯ ಮೂಸಿ ನೋಡಿ ಕೂಗಿದ: "ಏನಲೇ ಇದು, ಬಾಳೆಹಣ್ಣು ಹಿಂಡ್ಯಾರೇನು?" ಯಾರೂ ಹಿಂಡಿಲ್ಲ. ಈ ಬಿಯರ್‌ಗೆ ಹಾಕುವ ಯೀಸ್ಟ್ ಹುದುಗು ಬರಿಸುವಾಗ ಐಸೋಅಮೈಲ್ ಅಸಿಟೇಟ್ ಅನ್ನೋ ವಸ್ತು ಹುಟ್ಟುತ್ತೆ. ಮಾಗಿದ ಬಾಳೆಹಣ್ಣಿನಲ್ಲಿ ಇರೋದೂ ಅದೇ. ಜೊತೆಗೆ ಬರುವ ಲವಂಗದ ವಾಸನೆಯೂ ಯೀಸ್ಟಿನದ್ದೇ. ಚಹಾಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವ ಆಸಾಮಿ, ಒಂಬತ್ತು ಕೊಟ್ಟ.

ಕಾರ್ಖಾನೆಯ ಗೆಳೆಯ ಲಾಗರ್‌ಗೇ ಎಂಟು ಕೊಟ್ಟ. ಮೊದಲಾಗಿದ್ದರೆ ನಗುತ್ತಿದ್ದೆ. ಆದರೆ ಬಿಸಿಲಲ್ಲಿ ದುಡಿದು ಬಂದವನಿಗೆ ತಣ್ಣಗೆ, ಹಗುರಾಗಿ, ಬಾಯಲ್ಲಿ ಏನನ್ನೂ ಉಳಿಸದೆ ಇಳಿಯುವ ಬಿಯರ್ ಬೇಕು ಅನ್ನೋದರಲ್ಲಿ ತಪ್ಪೇನಿದೆ? ಈ ತಿಳಿ ಬಣ್ಣದ ಲಾಗರ್‌ನ ಮೂಲ 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ ಮಾಡಿದ ಬಿಯರ್. ಸುಮ್ನೆ ಜಗತ್ತೆಲ್ಲ ಹಬ್ಬಲಿಲ್ಲ ಅದು.

ಭಾವನದ್ದೇ ಮಜಾ. ಅವರು ಜನ್ಮದಲ್ಲಿ ಸ್ಟ್ರಾಂಗ್ ಬಿಟ್ಟು ಬೇರೆ ಕುಡಿದವರಲ್ಲ. ಸ್ಟೌಟ್ ಕುಡಿದು, "ಇದು ಡಿಕಾಕ್ಷನ್ ಇದ್ದಂಗ ಐತಿ. ಭಾಳ ಸ್ಟ್ರಾಂಗ್ ಅದ, ಇದಕ್ಕ ಹತ್ತು" ಅಂದ್ರು. ಆ ಕಾಫಿ ರುಚಿ ಹುರಿದ ಬಾರ್ಲಿಯದ್ದು, ಆಲ್ಕೋಹಾಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಹೆಸರಾದ ಗಿನ್ನೆಸ್ ಸ್ಟೌಟ್‌ನಲ್ಲೇ ಇರೋದು ಹೆಚ್ಚುಕಡಿಮೆ 4.2%. ನಮ್ಮಲ್ಲಿನ ಸ್ಟ್ರಾಂಗ್ ಬಿಯರ್ 8%ವರೆಗೂ ಹೋಗುತ್ತೆ. ನಾವು ಕುಡಿದ ಸ್ಟೌಟ್‌ನ ಡಬ್ಬಿ ತಂದು ತೋರಿಸಿದೆ. "5% ಅಂತ ತಪ್ಪು ಪ್ರಿಂಟ್ ಆಗೈತಿ ತಗೋ" ಅಂದ್ರು.

ಈಗ ನನ್ನ ಕಥೆ. ನಾಲ್ಕನೇ ಲೋಟ ಬಾಯಿಗಿಟ್ಟೆ. ಘಮ ಇಲ್ಲ, ಏನೋ ಸಪ್ಪೆ ಸಿಹಿ, ಹಿಂದೆ ಒರಟು ಕಹಿ. ಜೀನ್ಸ್ ಗೆಳೆಯ, "ಮಳ್ಯಾಗ ನೆಂದ ರಟ್ಟಿನ ಡಬ್ಬ" ಅಂದ. ದಿನವೂ ರಟ್ಟಿನ ಡಬ್ಬದ ನಡುವೆ ಬದುಕುವವನು, ಅವನಿಗೆ ಗೊತ್ತಿರುತ್ತೆ. ನಾನು ಮೂರು ಅಂಕ ಹಾಕಿ, ಹಳಸಿದ ಲಾಗರ್ ಇರಬೇಕು ಅಂತ ಪಕ್ಕದಲ್ಲಿ ಬರೆದೆ. ತಮ್ಮ ಚೀಟಿ ಓದಿದಾಗ ಮೂವರೂ ನಕ್ಕಿದ್ದು ಓಣಿಗೆಲ್ಲ ಕೇಳಿಸಿರಬೇಕು. ಅದೇ ನನ್ನ ಐಪಿಎ.

ತಪ್ಪು ನನ್ನದೇ. ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅದು ಕೆಡದಂತೆ ಕಾಯುತ್ತೆ ನಿಜ. ಇಂಗ್ಲೆಂಡಿನಿಂದ ಹಡಗಲ್ಲಿ ಇಂಡಿಯಾಕ್ಕೆ ಕಳಿಸುವ ಬಿಯರ್‌ಗೆ ಹಾಪ್ಸ್ ಜಾಸ್ತಿ ಹಾಕ್ತಿದ್ದದ್ದು ಅದಕ್ಕೇ, ಹೆಸರಲ್ಲಿ ಇಂಡಿಯಾ ಬಂದದ್ದೂ ಅಲ್ಲಿಂದಲೇ. ಆದರೆ ಹಾಪ್ಸ್‌ನ ಘಮ ಹಾಗಲ್ಲ. ಕೆಲವೇ ತಿಂಗಳಲ್ಲಿ ಹಾರಿಹೋಗುತ್ತೆ, ಸೆಕೆಯಲ್ಲಿ ಇನ್ನೂ ಬೇಗ. ನಾನು ಅದನ್ನು ಬಳ್ಳಾರಿಯ ಮೇ ತಿಂಗಳಲ್ಲಿ ಅಲ್ಮಾರಿ ಮೇಲೆ ಬೇಯಿಸಿದ್ದೆ! ಈಗ ಡಬ್ಬಿಯ ತಳದ ತಾರೀಖು ನೋಡದೆ ಐಪಿಎ ಕೊಳ್ಳೋದಿಲ್ಲ. ಎರಡು ತಿಂಗಳು ದಾಟಿದ್ದರೆ ಬಿಟ್ಟುಬರ್ತೇನೆ. ತಂದ ಮೇಲೆ ನೇರ ಫ್ರಿಜ್ಜಿಗೆ, ಹಾಲಿನ ಪಾಕೆಟ್ ಪಕ್ಕಕ್ಕೆ.

ಅಂಕ ಎಲ್ಲ ಮುಗಿದ ಮೇಲೆ ಬಿಸಿ ಮಿರ್ಚಿ ಬಂತು. ಮಿರ್ಚಿಗೆ ಗೋಧಿ ಬಿಯರ್ ಸರಿಯಾದ ಜೋಡಿ. ಐಪಿಎಯ ಕಹಿ ಮೆಣಸಿನಕಾಯಿಯ ಉರಿಯನ್ನು ಇನ್ನೂ ಕೆರಳಿಸುತ್ತೆ. ಒಂದು ಮಾತು, ಮಿರ್ಚಿ ತಿಂದ ತುಟಿ ಲೋಟಕ್ಕೆ ತಾಗಿದರೆ ನೊರೆ ಅಲ್ಲೇ ಸಾಯುತ್ತೆ, ಎಣ್ಣೆಗೂ ನೊರೆಗೂ ಆಗಿಬರೋದಿಲ್ಲ. ತುಟಿ ಒರೆಸಿಕೊಳ್ಳಿ ಅಂದ್ರೆ ಭಾವ ಕೇಳ್ತಾರಾ? ಅವರು ಈಗ ಗಂಗಾವತಿಯಿಂದ ಹೊರಡುವ ಮೊದಲು ಫೋನ್ ಮಾಡ್ತಾರೆ. "ಆ ಡಿಕಾಕ್ಷನ್ ಬಿಯರ್ ಐತೇನೋ? ಇಲ್ಲಂದ್ರ ಬರೋದಿಲ್ಲ ನೋಡು."